ಒಲೆ ಹಿಂದಿನ ಮೀಸೆಮಾವ

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಬಿಸ್ಕತ್ತಿನ ಡಬ್ಬಿ ತೆಗೆಯಲು ಕಪಾಟಿಗೆ ಕೈ ಹಾಕಿದ ದೊಡ್ಡಮ್ಮನಿಗೆ ಡಬ್ಬಿಯ ಪಕ್ಕ ಏಳು ಕಪ್ಪು ಕಾಳುಗಳು ಕಂಡವು. ಅಕ್ಕಿಕಾಳಿಗಿಂತ ಚಿಕ್ಕವು, ತುದಿ ಚೂಪು. ಪಕ್ಕದ ರವೆ ಪೊಟ್ಟಣದ ಮೂಲೆ ಚೂರುಚೂರಾಗಿತ್ತು. ಅದು ಕಾಳಲ್ಲ, ಇಲಿ ಹಿಕ್ಕೆ ಎಂದು ತಿಳಿಯಲು ಅವಳು ಎರಡನೇ ಸಲ ನೋಡಬೇಕಾಗಲಿಲ್ಲ. ನೋಡಿದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪತ್ರವನ್ನು.

ದೊಡ್ಡಮ್ಮ ಎನ್ನುವುದು ಅವಳ ಹೆಸರಲ್ಲ, ಹುದ್ದೆ. ನಲವತ್ತೊಂದು ವರ್ಷದ ಆಕೆಯನ್ನು ಹಾಗೆ ಕರೆಯುವವರು ಆರು ಜನ, ಎಲ್ಲರೂ ಐದು ವರ್ಷದೊಳಗಿನವರು. ಅಪ್ಪ ಅಮ್ಮ ಕೆಲಸಕ್ಕೆ ಹೋಗುವಾಗ ಅವರನ್ನು ಇಲ್ಲಿ ಬಿಡುತ್ತಾರೆ, ಸಂಜೆ ಐದೂವರೆಗೆ ಬಂದು ಕರೆದೊಯ್ಯುತ್ತಾರೆ. ಒಂಬತ್ತು ವರ್ಷದಿಂದ ನಡೆದುಕೊಂಡು ಬಂದ ಮಕ್ಕಳಮನೆ ಇದು. ಫ್ರಿಜ್ಜಿನ ಮೇಲಿನ ಪತ್ರ ಮಕ್ಕಳ ಕಚೇರಿಯದು: ಪರವಾನಗಿ ನವೀಕರಣಕ್ಕೆ ಈ ವಾರ ತಪಾಸಣೆ, ದಿನವನ್ನು ಮುಂಚಿತವಾಗಿ ತಿಳಿಸಲಾಗುವುದಿಲ್ಲ. ಇಲಿ ಇರುವ ಮನೆಗೆ ಪರವಾನಗಿ ಎಲ್ಲಿಂದ ಬಂತು? ಒಂಬತ್ತು ವರ್ಷಕ್ಕೆ ಒಂದು ಬೀಗ ಬೀಳುವುದು ಅವಳ ಕಣ್ಣ ಮುಂದೆ ಬಂತು.

"ರೀ!" ಎಂದು ಕೂಗಿದಳು. ಗಂಡ ಕೈಯಲ್ಲಿ ಪೈಪ್ ತಿರುಗಿಸುವ ಪಾನ ಹಿಡಿದೇ ಬಂದ. ಅವನು ನಲ್ಲಿ ಕೊಳಾಯಿ ರಿಪೇರಿಯವನು. ಹೊರಡುವ ಅವಸರದಲ್ಲಿದ್ದ.

"ಇಲ್ಲಿ ನೋಡಿ. ಇ..." ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಅಡುಗೆಮನೆಯ ಪುಟ್ಟ ಮೇಜಿನಲ್ಲಿ ಹಾಲು ಕುಡಿಯುತ್ತಿದ್ದ ರೇಡಿಯೋಳ ಲೋಟ ತುಟಿಯಲ್ಲೇ ನಿಂತಿತ್ತು.

ರೇಡಿಯೋಗೆ ನಾಲ್ಕು ವರ್ಷ. ಅವಳ ಅಪ್ಪ ಬೆಳಗಿನ ಮೊದಲ ಬಸ್ಸಿನ ಡ್ರೈವರ್, ಹಾಗಾಗಿ ಅವಳು ಎಲ್ಲರಿಗಿಂತ ಮೊದಲು, ಏಳಕ್ಕೇ ಹಾಜರಿ. ಆ ಹೆಸರಿಟ್ಟವನೂ ಅವನೇ. ಎಲ್ಲಿ ಏನು ಕೇಳಿದರೂ ಹಿಡಿದುಕೊಳ್ಳುತ್ತಾಳೆ, ಸಂಜೆ ಒಂದಕ್ಷರ ಬಿಡದೆ ಬಿತ್ತರಿಸುತ್ತಾಳೆ, ಆರಿಸುವ ಗುಂಡಿ ಮಾತ್ರ ಎಲ್ಲೂ ಸಿಕ್ಕಿಲ್ಲ ಎನ್ನುತ್ತಿದ್ದ.

"ಇ... ಏನು ದೊಡ್ಡಮ್ಮ?" ಎಂದಳು ರೇಡಿಯೋ.

ದೊಡ್ಡಮ್ಮನ ಬಾಯಿಗೆ ಸಿಕ್ಕಿದ್ದು ಸಿಕ್ಕಿತು. "ಇವತ್ತು ಮೀಸೆಮಾವ ಬಂದಿದಾನೆ ಅಂತ ದೊಡ್ಡಪ್ಪಂಗೆ ಹೇಳ್ತಿದ್ದೆ."

ಗಂಡ ಕಪಾಟಿನೊಳಗೆ ಇಣುಕಿ, ಹಿಕ್ಕೆ ನೋಡಿ, ಹೆಂಡತಿಯ ಮುಖ ನೋಡಿ, "ಓ, ಮೀಸೆಮಾವ! ಎಲ್ಲಿಂದ ಬಂದನಂತೆ?" ಎಂದ.

"ಎಲ್ಲಿಂದ ಅಂತ ನಿಮಗೇ ಗೊತ್ತು. ಸಿಂಕಿನ ಕೆಳಗೆ ಹೊಸ ಪೈಪ್ ಹಾಕಿ, ಗೋಡೆ ತೂತು ಭಾನುವಾರ ಮುಚ್ತೀನಿ ಅಂದಿದ್ರಲ್ಲ? ಅದಾಗಿ ಹನ್ನೊಂದು ತಿಂಗಳು."

"ಭಾನುವಾರ ಅಂದಿದ್ದೆ, ಯಾವ ಭಾನುವಾರ ಅಂತ ಹೇಳಿರಲಿಲ್ಲ," ಎಂದ ಗಂಡ. ಊರಿನ ಅರ್ಧ ಮನೆಗಳ ಸಿಂಕಿನ ಕೆಳಗೆ ನುಣುಪಾಗಿ ಸಿಮೆಂಟ್ ಬಳಿದ ಕೈ ಅವನದು. ತನ್ನ ಮನೆಯ ಸರದಿ ಬಂದಾಗ ಮಾತ್ರ ಆ ಕೈಗೆ ಪುರುಸೊತ್ತು ಸಿಗುತ್ತಿರಲಿಲ್ಲ.

ಸುದ್ದಿ ಹತ್ತು ಗಂಟೆಗೆಲ್ಲ ಪಕ್ಕದ ಬೀದಿಯಲ್ಲಿದ್ದ ಅತ್ತೆಗೆ ಮುಟ್ಟಿತು. ಮಗ ದಾರಿಯಲ್ಲಿ ಹೇಳಿ ಹೋಗಿದ್ದ. ಅತ್ತೆ ಬಂದದ್ದು ಬರಿಗೈಲಲ್ಲ. ಚೀಲದಿಂದ ಇಲಿವಿಷದ ನೀಲಿ ಗಟ್ಟಿಗಳ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, "ತಗೋ. ಮೂಲೆಗೊಂದು ಎಸೆದುಬಿಡು. ನಾಲ್ಕು ದಿನದಲ್ಲಿ ಎಲ್ಲಾ ಸಾಫ್," ಎಂದರು.

ದೊಡ್ಡಮ್ಮ ಮೊದಲು ಆ ಪೊಟ್ಟಣವನ್ನು ಮೇಜಿನಿಂದ ಎತ್ತಿ ಅತ್ತೆಯ ಚೀಲದೊಳಗೆ ಹಾಕಿ, ಚೀಲದ ಬಾಯಿ ಗಂಟು ಕಟ್ಟಿ, ಗೂಟಕ್ಕೆ ನೇತುಹಾಕಿದಳು. ಆಮೇಲೆ ಕೈ ತೊಳೆದಳು, ಮೇಜು ಒರೆಸಿದಳು. ಮಾತು ಶುರುಮಾಡಿದ್ದು ಅದಾದ ಮೇಲೆ.

"ಅತ್ತೆ, ಅಲ್ಲಿ ನೋಡಿ."

ಉಳಿದ ಮಕ್ಕಳು ಕಿಟಕಿಯಾಚೆ ಅಂಗಳದಲ್ಲಿ ಆಡುತ್ತಿದ್ದರು. ನೆಲದ ಮೇಲೆ ಹತ್ತು ತಿಂಗಳ ಪೊರಕೆ ಅಂಬೆಗಾಲಿಡುತ್ತ ಬರುತ್ತಿದ್ದ. ನೆಲದಲ್ಲಿ ಏನು ಬಿದ್ದರೂ ಗುಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದುದರಿಂದ ಅವನಿಗೆ ಆ ಹೆಸರು. ಈಗ ಅವನ ಬಾಯಲ್ಲಿ ಯಾರದೋ ಕಾಲುಚೀಲದ ತುದಿ ಇತ್ತು.

"ಇವನ ಕೈಗೆ ಎಟುಕದ ಹಾಗೆ ಇಡು," ಎಂದರು ಅತ್ತೆ.

"ಇವನ ಕೈಗೆ ಎಟುಕದ ಜಾಗ ಈ ಮನೇಲಿ ಯಾವುದು? ನಾನು ಎತ್ತರದಲ್ಲಿಟ್ಟರೂ ಇಲಿ ಅದನ್ನ ಎಳ್ಕೊಂಡು ಬಂದು ಎಲ್ಲೋ ಬೀಳಿಸುತ್ತೆ. ಇವನಿಗೆ ತಪ್ಪಿದ್ದು ಸಾಹೇಬನಿಗೆ."

ಸಾಹೇಬ ನಾಯಿ. ಹೊಟ್ಟೆ ಬಿಟ್ಟರೆ ಬೇರೆ ಯೋಚನೆ ಇಲ್ಲದ, ಹನ್ನೆರಡು ವರ್ಷದ ದಪ್ಪ ನಾಯಿ.

"ಇನ್ನೊಂದು ಕೇಳಿ. ಈ ವಿಷ ತಿಂದ ಇಲಿ ತಕ್ಷಣ ಸಾಯಲ್ಲ. ಮೂರು ನಾಲ್ಕು ದಿನ ಮಂಕಾಗಿ ಓಡಾಡ್ತಾ ಇರುತ್ತೆ. ಅದನ್ನ ಸಾಹೇಬನೋ ಮಹಾರಾಣಿಯೋ ತಿಂದರೆ ಅವುಗಳ ಹೊಟ್ಟೆಗೂ ವಿಷ ಹೋಯ್ತು."

"ಸಾಹೇಬ ಇಲಿ ಹಿಡಿಯೋದು? ಅದು ತನ್ನ ಬಾಲವನ್ನೇ ಹಿಡಿದದ್ದು ನಾ ಕಾಣೆ."

"ಹಿಡಿಯೋದೇನು ಬಂತು ಅತ್ತೆ, ಮಂಕಾದ ಇಲಿ ತಾನೇ ಬಂದು ಇವನ ತಟ್ಟೆ ಮುಂದೆ ಬೀಳುತ್ತೆ."

"ಹಾಗಾದ್ರೆ ಬೆಕ್ಕು ಯಾಕೆ ಸಾಕಿದೀಯಾ, ನೋಡೋಕಾ?"

ಮಹಾರಾಣಿ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತ್ತು. ತನ್ನ ವಿಷಯ ಬಂತೆಂದು ಒಂದು ಕಣ್ಣು ತೆರೆದು, ಅಂಥ ಮುಖ್ಯವಾದ ವಿಷಯವಲ್ಲ ಎಂದು ಮುಚ್ಚಿತು.

"ನೋಡೋಕೇ," ಎಂದಳು ದೊಡ್ಡಮ್ಮ.

ಅತ್ತೆ ಚೀಲ ಎತ್ತಿಕೊಂಡರು. "ನಿಂಗೆ ಹೇಳೋಕೆ ಬಂದೆನಲ್ಲ, ನನಗೆ ಬುದ್ಧಿ ಇಲ್ಲ," ಎನ್ನುತ್ತ ಹೊರಟವರು ಬಾಗಿಲಲ್ಲಿ ತಿರುಗಿ, ಪೊರಕೆಯ ಬಾಯಿಂದ ಕಾಲುಚೀಲ ಎಳೆದು ಸೊಸೆಯ ಕೈಗೆ ಕೊಟ್ಟು ಹೋದರು.

ಅಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕೆಲಸ ಶುರುವಾಯಿತು. ದೊಡ್ಡಮ್ಮ ಕಿಟಕಿಗಳನ್ನು ತೆರೆದಿಟ್ಟು ಅರ್ಧ ಗಂಟೆ ಹೊರಗೆ ಕಾದಳು. ಹಿಕ್ಕೆಯನ್ನು ಗುಡಿಸಲಿಲ್ಲ. ಒಣ ಹಿಕ್ಕೆ ಗುಡಿಸಿದರೆ ಅದರ ಧೂಳು ಗಾಳಿಗೆ ಏಳುತ್ತದೆ, ಆ ಧೂಳಲ್ಲಿ ರೋಗವಿರಬಹುದು. ಕೈಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಅದನ್ನು ಹಿಕ್ಕೆಯ ಮೇಲೆ ಸುರಿದು, ಗಡಿಯಾರ ನೋಡಿ ಐದು ನಿಮಿಷ ಬಿಟ್ಟು, ಕಾಗದದಿಂದ ಒರೆಸಿ ತೆಗೆದಳು. ರವೆ, ಬಿಸ್ಕತ್ತು, ಸಾಹೇಬನ ಊಟದ ಕಾಳು, ಎಲ್ಲವೂ ತಿರುಪಿನ ಮುಚ್ಚಳದ ಗಾಜಿನ ಜಾಡಿಗೆ ಹೋದವು. ಸಾಹೇಬನ ತಟ್ಟೆ ಊಟವಾದ ಕೂಡಲೇ ಮೇಲೆ ಹೋಗತಕ್ಕದ್ದು ಎಂದು ಕಾನೂನಾಯಿತು. ಸಾಹೇಬ ಆ ಕಾನೂನನ್ನು ಒಪ್ಪಲಿಲ್ಲ.

ಗಂಡ ಅಂಗಡಿಯಿಂದ ನಾಲ್ಕು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ತಂದ. ಇಲಿ ನುಗ್ಗುವಷ್ಟೇ ತೂತು, ಒಳಗೆ ಚಟ್ಟನೆ ಬಡಿಯುವ ಬೋನು, ಮುಚ್ಚಳಕ್ಕೆ ಬೀಗ. ಮಗುವಿನ ಬೆರಳಾಗಲಿ ಬೆಕ್ಕಿನ ಕಾಲಾಗಲಿ ಬೋನಿನವರೆಗೆ ಹೋಗದು. ಅಂಗಡಿಯವನು ಕಡಲೆಕಾಯಿ ಬೆಣ್ಣೆ ಸವರಿ ಎಂದಿದ್ದ. ಆರು ಮಕ್ಕಳಲ್ಲಿ ಒಬ್ಬನಾದ ಬೇಕರಿಯವನ ಮಗನಿಗೆ ಕಡಲೆಕಾಯಿ ಮುಟ್ಟಿದರೂ ಮೈ ದದ್ದು ಏಳುತ್ತಿದ್ದುದರಿಂದ ದೊಡ್ಡಮ್ಮ ಚಾಕಲೇಟ್ ಸವರಿದಳು. ಪೆಟ್ಟಿಗೆಗಳು ಗೋಡೆಗೆ ಒತ್ತಿ, ಒಲೆ ಹಿಂದೆ ಮತ್ತು ಸಿಂಕಿನ ಕೆಳಗೆ ಕೂತವು. ಇಲಿ ಬಯಲಲ್ಲಿ ಓಡುವುದಿಲ್ಲ, ಗೋಡೆ ಹಿಡಿದೇ ಓಡುತ್ತದೆ. ಗಂಡ ಹನ್ನೊಂದು ತಿಂಗಳ ತೂತಿಗೆ ಉಕ್ಕಿನ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿದ. ಇಪ್ಪತ್ತು ನಿಮಿಷದ ಕೆಲಸ.

"ಇಪ್ಪತ್ತೇ ನಿಮಿಷ," ಎಂದಳು ದೊಡ್ಡಮ್ಮ.

"ನೋಡು, ಇದಕ್ಕೇ ನಾನು ಬೇಗ ಮುಗಿಸಲ್ಲ. ಮುಗಿಸಿದ ಮೇಲೂ ಬೈಗುಳ," ಎಂದ ಗಂಡ.

ಮಂಗಳವಾರ ಬೆಳಿಗ್ಗೆ ಒಲೆ ಹಿಂದಿನ ಪೆಟ್ಟಿಗೆಯಲ್ಲಿ ಒಂದು ಸಿಕ್ಕಿತ್ತು. ಗಂಡ ಅದನ್ನು ಕೈಗವಸಿನಲ್ಲಿ ತೆಗೆದು, ಚೀಲದೊಳಗೆ ಚೀಲ ಹಾಕಿ ಕಟ್ಟಿ, ಹೊರಗಿನ ಕಸದ ತೊಟ್ಟಿಗೆ ಹಾಕಿ ಬಂದ. ಅಷ್ಟರಲ್ಲಿ ರೇಡಿಯೋ ಹಾಲಿನ ಲೋಟದ ಮುಂದಿದ್ದಳು.

"ಮೀಸೆಮಾವ ಪೆಟ್ಟಿಗೆ ಒಳಗೆ ಹೋದ," ಎಂದ ಗಂಡ, ಹುಷಾರಾಗಿ. "ಕುತ್ತಿಗೆ ಮೇಲೇ ಬಿತ್ತು. ಒಂದೇ ಏಟು. ನರಳಲಿಲ್ಲ."

"ಒಬ್ಬನೇನಾ? ಅಣ್ಣತಮ್ಮಂದಿರು ಇರ್ತಾರೆ," ಎಂದಳು ದೊಡ್ಡಮ್ಮ.

ಬುಧವಾರ ಅಣ್ಣನೋ ತಮ್ಮನೋ ಒಬ್ಬ ಸಿಕ್ಕಿದ. ಗಂಡ ಹೆಂಡತಿ ಇಬ್ಬರಿಗೂ ತಮ್ಮ ಗುಟ್ಟಿನ ಮಾತಿನ ಮೇಲೆ ಭಾರಿ ಹೆಮ್ಮೆ ಬಂದಿತ್ತು. ಇಲಿ ಎಂಬ ಎರಡಕ್ಷರ ಮಕ್ಕಳ ಕಿವಿಗೆ ಬೀಳದೆ ಮೂರು ದಿನ ಕಳೆದಿತ್ತು. ಅಪ್ಪ ಅಮ್ಮಂದಿರಿಗೂ ಸುಳಿವಿಲ್ಲ.

ಅಧಿಕಾರಿ ಬಂದದ್ದು ಗುರುವಾರ ಒಂಬತ್ತೂವರೆಗೆ. ಐವತ್ತರ ಹೆಂಗಸು, ಕಾಲಿಗೆ ಶಬ್ದ ಬರದ ಬೂಟು, ಕೈಯಲ್ಲಿ ಕ್ಲಿಪ್ ಹಲಗೆಗೆ ಸಿಕ್ಕಿಸಿದ ಕಾಗದಗಳು. ಮಾತು ಕಮ್ಮಿ. ಪ್ಲಗ್ಗಿನ ಮುಚ್ಚಳ ಎಳೆದು ನೋಡಿದರು, ಸರಿ. ಮೆಟ್ಟಿಲ ಬಾಗಿಲ ಚಿಲಕ ಅಲ್ಲಾಡಿಸಿದರು, ಸರಿ. ಔಷಧಿ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು, ಸರಿ, ಸರಿ. ಅಡುಗೆಮನೆಗೆ ಹೋಗುವ ಮುಂಚೆ ನಡುಮನೆಯಲ್ಲಿ ಮಕ್ಕಳ ಕುರ್ಚಿಯೊಂದರ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, "ಈ ಮನೇಲಿ ಯಾರ್ಯಾರು ಇರ್ತಾರೆ, ಯಾರು ಹೇಳ್ತೀರಿ?" ಎಂದರು.

ಈ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಮಕ್ಕಳಮನೆಯಲ್ಲಿ ವಾಸವಿರುವ ಪ್ರತಿಯೊಬ್ಬ ದೊಡ್ಡವರ ಹೆಸರೂ ಅರ್ಜಿಯಲ್ಲಿರಬೇಕು. ಒಬ್ಬರನ್ನು ಬಿಟ್ಟರೂ ಅದೇ ದಿನ ಬಾಗಿಲು ಮುಚ್ಚಿಸುತ್ತಾರೆ. ದೊಡ್ಡಮ್ಮನ ಅರ್ಜಿಯಲ್ಲಿ ಎರಡು ಹೆಸರಿದ್ದವು.

ರೇಡಿಯೋ ಆಗಲೇ ಎದ್ದು ನಿಂತಿದ್ದಳು. "ದೊಡ್ಡಮ್ಮ, ದೊಡ್ಡಪ್ಪ, ಸಾಹೇಬ, ಮಹಾರಾಣಿ, ಮೀಸೆಮಾವ."

"ಸಾಹೇಬ ಅಂದ್ರೆ?"

ಆರು ಬೆರಳು ಮೇಜಿನ ಕೆಳಗೆ ಗೊರಕೆ ಹೊಡೆಯುತ್ತಿದ್ದ ನಾಯಿಯ ಕಡೆ ತಿರುಗಿದವು. ಮಹಾರಾಣಿಯ ವಿಷಯವೂ ಹಾಗೆಯೇ ಇತ್ಯರ್ಥವಾಯಿತು.

"ಮೀಸೆಮಾವ?"

"ಅವನು ಈಗ ಕಾಣಲ್ಲ," ಎಂದಳು ರೇಡಿಯೋ. "ಒಲೆ ಹಿಂದೆ ಇರ್ತಾನೆ. ನಾವೆಲ್ಲ ಹೋದ್ಮೇಲೆ ಬರ್ತಾನೆ. ಬಿಸ್ಕತ್ತು ಕದೀತಾನೆ."

ಅಧಿಕಾರಿಯ ಪೆನ್ನು ನಿಂತಿತು. ದೊಡ್ಡಮ್ಮನ ಮೂರು ದಿನ ಗುಟ್ಟು ಕಾಯ್ದ ಹೆಮ್ಮೆಯೆಲ್ಲ ಒಂದೇ ಉಸಿರಿಗೆ ಇಳಿಯಿತು.

"ಯಾರು ಈತ?" ಎಂದರು ಅಧಿಕಾರಿ, ದೊಡ್ಡಮ್ಮನ ಕಡೆ ತಿರುಗಿ.

ಇಲಿ ಎಂದರೂ ಬಾಗಿಲು ಮುಚ್ಚಿತು, ಮನುಷ್ಯ ಎಂದರೂ ಮುಚ್ಚಿತು. ಅವೆರಡರ ನಡುವೆ ದೊಡ್ಡಮ್ಮನ ನಾಲಿಗೆ ತಾನಾಗಿ ಒಂದು ದಾರಿ ಹುಡುಕಿತು. "ಅದು... ದೂರದ ಸಂಬಂಧ. ಬಂದು ಹೋಗೋರು."

"ಹೆಸರು? ವಯಸ್ಸು? ಎಷ್ಟು ದಿನದಿಂದ ಇದಾರೆ?"

"ಸೋಮವಾರದಿಂದ!" ಎಂದಳು ರೇಡಿಯೋ. ಯಾರೂ ಕೇಳದಿದ್ದರೂ ಮುಂದುವರಿಸಿದಳು. "ದೊಡ್ಡಪ್ಪ ಮಂಗಳವಾರ ಅವನ್ನ ಪೆಟ್ಟಿಗೇಲಿ ಹಾಕಿದ್ರು. ಕುತ್ತಿಗೆ ಮೇಲೆ ಒಂದೇ ಏಟು. ನರಳಲಿಲ್ಲ. ಬುಧವಾರ ಅವನ ತಮ್ಮ ಬಂದ. ಅವನಿಗೂ ಹಾಗೇ ಮಾಡಿದ್ರು."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿ, ಒಂದು ಕೈಯನ್ನು ನಿಧಾನವಾಗಿ ಫೋನಿದ್ದ ಜೇಬಿನ ಕಡೆ ಒಯ್ದರು.

"ಇಲಿ!" ಎಂದಳು ದೊಡ್ಡಮ್ಮ. ಕೂಗಿದ ಹಾಗೆಯೇ ಬಂತು. "ಮೇಡಂ, ಇಲಿ. ಮನುಷ್ಯರಲ್ಲ. ಮನೇಲಿ ಇಲಿ ಇದೆ. ಮಕ್ಕಳಿಗೆ ಗೊತ್ತಾಗಬಾರದು ಅಂತ ಮೀಸೆಮಾವ ಅಂತಿದ್ವಿ. ಸುಳ್ಳು ಹೇಳಿದೆ, ತಪ್ಪಾಯ್ತು."

"ಇಲಿ!" ಎಂದು ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. ಮೀಸೆಮಾವನಿಗಿಂತ ಇಲಿಯೇ ಅವರಿಗೆ ಎಷ್ಟೋ ಪಾಲು ಹಿಡಿಸಿತು. ಪೊರಕೆ ಕೂಡ ಬಾಯಲ್ಲಿದ್ದದ್ದನ್ನು ಬಿಟ್ಟು ಕೈ ತಟ್ಟಿದ. ರೇಡಿಯೋ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಮೊದಲೇ ಹೇಳಬಾರ್ದಿತ್ತಾ?" ಎಂದಳು.

ಅಧಿಕಾರಿ ಆ ಪುಟ್ಟ ಕುರ್ಚಿಯಿಂದ ಎದ್ದರು. ನಗಲಿಲ್ಲ. ನಗುವನ್ನು ಎಲ್ಲೋ ಹಲ್ಲಿನ ಹಿಂದೆ ಹಿಡಿದಿಟ್ಟಂತೆ ಕೆನ್ನೆ ಮಾತ್ರ ಅಲ್ಲಾಡಿತು. "ತೋರಿಸಿ," ಎಂದರು.

ಅಡುಗೆಮನೆ ಬಾಗಿಲಿನ ಅಡ್ಡಗೇಟು ಹಾಕಿ, ಮಕ್ಕಳು ಅದರಾಚೆ ಸಾಲಾಗಿ ನಿಂತು ನೋಡುತ್ತಿರಲು, ದೊಡ್ಡಮ್ಮ ಎಲ್ಲ ತೋರಿಸಿದಳು. ಅಧಿಕಾರಿ ಪೆಟ್ಟಿಗೆಯ ಮುಚ್ಚಳವನ್ನು ಉಗುರಲ್ಲಿ ಎಬ್ಬಿಸಿ ನೋಡಿದರು, ಏಳಲಿಲ್ಲ. ಬೀಗದ ಕೈ ಎಲ್ಲಿ ಎಂದರು. ದೊಡ್ಡಮ್ಮನ ಕುತ್ತಿಗೆಯ ದಾರದಲ್ಲಿತ್ತು. ವಿಷ? ಇಲ್ಲ. ಅಂಟಿನ ಹಲಗೆ? ಇಲ್ಲ. ನುಸಿಗುಳಿಗೆ? ಮಿಠಾಯಿ ಥರ ಕಾಣುತ್ತೆ, ಇಟ್ಟಿಲ್ಲ. ಜಾಡಿಗಳನ್ನು ಎಣಿಸಿದರು. ಆಮೇಲೆ ಒಂದು ಪೆನ್ಸಿಲ್ ಕೇಳಿ ತೆಗೆದುಕೊಂಡು ನೆಲದ ಮೇಲೆ ಉದ್ದಕ್ಕೆ ಮಲಗಿದರು. ಸಿಂಕಿನ ಕೆಳಗಿನ ಹೊಸ ಸಿಮೆಂಟಿಗೆ ಪೆನ್ಸಿಲ್ ಚುಚ್ಚಿದರು, ಹೋಗಲಿಲ್ಲ. ಒಲೆಗೆ ಗ್ಯಾಸ್ ಪೈಪ್ ಬರುವ ಕಡೆ ಚುಚ್ಚಿದರು. ಪೆನ್ಸಿಲ್ ಸರಕ್ಕನೆ ಹಿಡಿದ ಬೆರಳಿನವರೆಗೆ ಒಳಗೆ ಹೋಯಿತು.

"ಪೆನ್ಸಿಲ್ ಹೋಗೋ ಕಡೆ ಇಲಿ ಹೋಗುತ್ತೆ," ಎಂದರು, ಮಲಗಿದಲ್ಲಿಂದಲೇ. "ಇದನ್ನ ಕೂರಿಸಿದೋರು ಯಾರು?"

"ನಮ್ಮನೆಯವರೇ."

"ಕರೀರಿ."

ಗಂಡ ಎರಡು ಬೀದಿಯಾಚೆ ಯಾರದೋ ಬಚ್ಚಲಲ್ಲಿದ್ದ. ಹದಿನೈದು ನಿಮಿಷದಲ್ಲಿ ಬಂದು, ಒದ್ದೆ ಪ್ಯಾಂಟಿನಲ್ಲೇ ಸ್ವಂತ ಅಡುಗೆಮನೆಯ ನೆಲದಲ್ಲಿ ಕವುಚಿ ಮಲಗಿ ತೂತು ಮುಚ್ಚಿದ. ಅಧಿಕಾರಿ ಅವನ ತಲೆಯ ಮೇಲೆ ಟಾರ್ಚ್ ಹಿಡಿದು ನಿಂತಿದ್ದರು. "ಆ ಮೂಲೆ ಬಿಟ್ಟಿದೀರಿ," ಎಂದು ಎರಡು ಸಲ ಹೇಳಿದರು. ಅಡ್ಡಗೇಟಿನಾಚೆಯಿಂದ ಮೂರನೇ ಸಲ ರೇಡಿಯೋ ಹೇಳಿದಳು.

ಗಂಡ ಎದ್ದು ನಿಂತು ಧೂಳು ಕೊಡವಿದ ಮೇಲೆ ಅಧಿಕಾರಿ ಕಾಗದದ ಮೇಲೆ ಬರೆಯುತ್ತ ಹೇಳಿದರು: "ನೋಡಿ, ಇಲಿ ಯಾರ ಮನೆಗಾದ್ರೂ ಬರುತ್ತೆ. ಅದಕ್ಕೆ ನಾವು ಬಾಗಿಲು ಮುಚ್ಚಿಸಲ್ಲ. ಕಂಡ ದಿನವೇ ನಮಗೂ ಮಕ್ಕಳ ಮನೆಯವರಿಗೂ ತಿಳಿಸಬೇಕು, ಅಷ್ಟೇ ನಿಯಮ. ನೀವು ಮಾಡಿರೋ ಕೆಲಸ ಎಲ್ಲಾ ಸರಿ ಇದೆ. ಬಚ್ಚಿಟ್ಟಿದ್ದು ಸರಿ ಇಲ್ಲ. ಸದ್ಯಕ್ಕೆ ತಾತ್ಕಾಲಿಕ ಪರವಾನಗಿ. ಹದಿನೈದು ದಿನಕ್ಕೆ ಮತ್ತೆ ಬರ್ತೀನಿ. ಇವತ್ತು ಸಂಜೆ ಐದರೊಳಗೆ ಬಾಗಿಲಿಗೆ ಒಂದು ಸೂಚನೆ ಅಂಟಿಸಿ. ಆರು ಮಕ್ಕಳ ಮನೆಯವರೂ ಓದಬೇಕು. ಓದಿದ ಮೇಲೂ ಮಕ್ಕಳನ್ನ ಕಳಿಸಿದ್ರೆ ನಿಮ್ಮ ಮಕ್ಕಳಮನೆ ಉಳೀತು."

ಅಂದರೆ ಬೀಗ ಹಾಕುವ ಕೈ ಈಗ ಕಚೇರಿಯದಲ್ಲ, ಅಪ್ಪ ಅಮ್ಮಂದಿರದು.

ಮಧ್ಯಾಹ್ನ ಮಕ್ಕಳು ಮಲಗಿದಾಗ ಗಂಡ ಹೆಂಡತಿ ಕಾಗದ ಮುಂದಿಟ್ಟು ಕೂತರು.

"'ಸಣ್ಣ ಪ್ರಾಣಿಯೊಂದರ ಸಂಚಾರ ಗಮನಕ್ಕೆ ಬಂದಿದ್ದು' ಅಂತ ಬರೆ," ಎಂದ ಗಂಡ.

"ಸರ್ಕಸ್ ಬಂದಿದೆ ಅನ್ಕೋತಾರೆ."

"'ಮೂಷಿಕ' ಅನ್ನು. ಕೇಳೋಕೆ ಗೌರವ."

"ಮೂರು ದಿನ ಗೌರವವಾಗಿ ಕರೆದದ್ದು ಸಾಕು," ಎಂದು ದೊಡ್ಡಮ್ಮ ದಪ್ಪ ಅಕ್ಷರದಲ್ಲಿ ಬರೆದಳು: 'ನಮ್ಮ ಮನೆಯಲ್ಲಿ ಇಲಿ ಇದೆ. ಸೋಮವಾರ ಗೊತ್ತಾಯಿತು. ಎರಡು ಸಿಕ್ಕಿವೆ, ಇನ್ನೂ ಇರಬಹುದು. ವಿಷ ಇಟ್ಟಿಲ್ಲ, ಇಡುವುದಿಲ್ಲ. ಬೋನುಗಳು ಬೀಗದ ಪೆಟ್ಟಿಗೆಯಲ್ಲಿವೆ, ಕೇಳಿದವರಿಗೆ ತೋರಿಸುತ್ತೇನೆ.' ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡಿದ್ದು, ಅಧಿಕಾರಿ ಕೇಳದ ಇನ್ನೊಂದು ಸಾಲು ಸೇರಿಸಿದಳು. 'ಮೂರು ದಿನ ನಿಮಗೆ ಹೇಳಲಿಲ್ಲ. ಅದು ನನ್ನ ತಪ್ಪು.'

ಸಂಜೆ ಮೊದಲು ಬಂದವನು ರೇಡಿಯೋಳ ಅಪ್ಪ. ಬಾಗಿಲಲ್ಲೇ ನಿಂತು ಓದಿ, ಗೋಡೆ ಹಿಡಿದುಕೊಂಡು ನಕ್ಕ. "ಅಯ್ಯೋ, ಮೀಸೆಮಾವ ಅಂದ್ರೆ ಇದಾ? ನಾನು ನಿಮ್ಮ ಮೈದುನ ಯಾರೋ ಬಂದು ಕೂತಿದಾನೆ, ಅಣ್ಣತಮ್ಮಂದಿರು ಹೊಡೆದಾಡ್ತಿದಾರೆ ಅಂದ್ಕೊಂಡಿದ್ದೆ. ಕುಡುಕ ಇರಬೇಕು ಅಂತ ಕಂಡಕ್ಟರ್‌ಗೂ ಹೇಳಿಬಿಟ್ಟಿದೀನಿ."

ಪೊರಕೆಯ ಅಮ್ಮ ನಗಲಿಲ್ಲ. ಆಕೆ ಆಸ್ಪತ್ರೆಯಲ್ಲಿ ನರ್ಸ್. ಪೆಟ್ಟಿಗೆ ತೋರಿಸಿ ಎಂದು ಒಲೆ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೂತಿನೊಳಗೆ ತನ್ನ ಕಿರುಬೆರಳು ಹಾಕಿ ಬೋನು ಮುಟ್ಟುತ್ತದೆಯೇ ಎಂದು ನೋಡಿದಳು. ಮುಟ್ಟಲಿಲ್ಲ. ಕೈ ತೊಳೆದು ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಬೇಕರಿಯವನು ಸೂಚನೆಯ ಕೊನೆಯ ಸಾಲನ್ನು ಎರಡು ಸಲ ಓದಿದ. "ಮೂರು ದಿನ," ಎಂದ. ಮಗನ ಚೀಲ, ದಿಂಬು, ಬದಲಿ ಬಟ್ಟೆ ಎಲ್ಲ ಎತ್ತಿಕೊಂಡು ಹೋದ. ಇನ್ನಿಬ್ಬರು ಮಕ್ಕಳ ಮನೆಯವರು ಯೋಚನೆ ಮಾಡ್ತೀವಿ ಎಂದರು. ಕೊನೆಯವರು ಮಗುವನ್ನು ಎತ್ತಿಕೊಂಡು ಹೊರಟರು.

ಶುಕ್ರವಾರ ಏಳಕ್ಕೆ ರೇಡಿಯೋಳ ಬೂಟು ಬಾಗಿಲಲ್ಲಿ ಬಿತ್ತು. ಎಂಟಕ್ಕೆ ಇನ್ನೊಂದು ಜೊತೆ. ಎಂಟೂ ಹತ್ತಕ್ಕೆ ಎರಡು ಜೊತೆ, ಅದರಲ್ಲಿ ಒಂದು ಎಡಬಲ ಅದಲುಬದಲು. ದೊಡ್ಡಮ್ಮ ಕೈಗೆ ಏನೂ ಕೆಲಸವಿಲ್ಲದಂತೆ ಬಾಗಿಲ ಬಳಿಯೇ ಸುಳಿದಾಡುತ್ತಿದ್ದಳು. ಎಂಟೂಮುಕ್ಕಾಲಿಗೆ ನರ್ಸಮ್ಮ ಓಡುತ್ತ ಬಂದು ಪೊರಕೆಯನ್ನು ಅವಳ ಕೈಗೆ ಹಾಕಿದಳು.

"ಏನಾದ್ರೂ ಸಿಕ್ಕಿದ್ರೆ ಆಗಲೇ ಫೋನ್ ಮಾಡಿ. ಸಂಜೆವರೆಗೆ ಕಾಯಬೇಡಿ."

"ಮಾಡ್ತೀನಿ ಕಣಮ್ಮ."

ಬೇಕರಿಯವನ ಮಗ ಬರಲಿಲ್ಲ. ದೊಡ್ಡಮ್ಮ ಅವನ ಲೋಟವನ್ನು ಸಾಲಿನಿಂದ ತೆಗೆಯಲೂ ಇಲ್ಲ, ತುಂಬಲೂ ಇಲ್ಲ. ಹತ್ತು ಗಂಟೆಗೆ ನಾಲ್ಕೂ ಪೆಟ್ಟಿಗೆ ನೋಡಿ, ಬೇಕರಿಗೆ ಫೋನ್ ಮಾಡಿದಳು.

"ಮಗನ್ನ ಕಳಿಸಿ ಅಂತ ಕೇಳೋಕೆ ಮಾಡಿದ್ದಲ್ಲ. ಇವತ್ತು ಏನೂ ಸಿಕ್ಕಿಲ್ಲ, ಹೊಸ ಹಿಕ್ಕೆನೂ ಇಲ್ಲ. ತಿಳಿಸಬೇಕಲ್ಲ, ತಿಳಿಸಿದೆ."

ಆ ಕಡೆ ತಟ್ಟೆಗಳ ಸದ್ದು. ಬೇಕರಿಯವನು ಫೋನ್ ಇಡಲಿಲ್ಲ.

"ನಾಳೆನೂ ತಿಳಿಸಿ," ಎಂದ ಕೊನೆಗೆ.

"ನಾಳೆ ಶನಿವಾರ, ನಮಗೆ ರಜ."

"ನಿಮಗೆ ರಜ ಸರಿ ದೊಡ್ಡಮ್ಮ, ಇಲಿಗೂ ರಜಾನಾ?"

ಶನಿವಾರ ಬೆಳಿಗ್ಗೆ ದೊಡ್ಡಮ್ಮ ಪೆಟ್ಟಿಗೆಗಳನ್ನು ನೋಡಿ, ಕೈ ತೊಳೆದು, ಫೋನ್ ತೆಗೆದುಕೊಂಡಳು.